ಐದು ಗಂಟೆ ಎಂಟು ನಿಮಿಷದ ಬಿಸಿಲು

ಪೈಸಾಂದು ಊರಿನ ರೈಲ್ವೆ ಮೈದಾನ.
ಪಡುವಣಕ್ಕೆ ಉರುಗ್ವಾಯ್ ಹೊಳೆ, ಹೊಳೆಯಾಚೆ ಬೇರೆ ದೇಶ,
ಈಚೆ ದಂಡೆಯಲ್ಲಿ ಗೋಧಿ ತುಂಬುವ ಸಿಮೆಂಟಿನ ಸೈಲೊ,
ಅದರ ಪಕ್ಕಕ್ಕೆ ನೀರಿನ ಟ್ಯಾಂಕು,
ಎರಡರ ನಡುವೆ ಒಂದು ಸಂದು.
ಆ ಸಂದಿನ ಬಗ್ಗೆ ನಾನು ಬರೆದಿರಲಿಲ್ಲ.

ಬರೆದದ್ದು ಇದು:
"ಗೋಲ್‌ಕೀಪರ್ ಎಚೆನಿಕೆಯ ಕಣ್ಣಿಗೆ ಬಿಸಿಲು ಹೊಡೆಯಿತಂತೆ.
ಯಾವ ಬಿಸಿಲು, ಸ್ವಾಮಿ? ಸಂಜೆಯಾದರೆ ಆ ಗೋಲಿನಲ್ಲಿ
ಸೈಲೊ ನೆರಳು ಎತ್ತಿನಂತೆ ಮಲಗಿರುತ್ತದೆ.
ಕುಣಿಯಲಾರದವಳಿಗೆ ನೆಲ ಡೊಂಕು,
ಹಿಡಿಯಲಾರದವನಿಗೆ ಸೂರ್ಯನೇ ಡೊಂಕು."

ಕೊನೆಯ ಸಾಲನ್ನು ಊರು ಬಾಯಿಪಾಠ ಮಾಡಿತು.
ಮಾಂಸದಂಗಡಿಯ ಗೋಡೆಗೆ ಅಂಟಿಸಿದರು.
ಎಚೆನಿಕೆಯ ಮಗಳು ಶಾಲೆಗೆ ಬಂದರೆ
ಹುಡುಗರು ಹಣೆಗೆ ಅಂಗೈ ಅಡ್ಡ ಹಿಡಿದು
ಕುರುಡರಂತೆ ಗೋಡೆ ತಡವುತ್ತಿದ್ದರು.
ಅದೂ ನನ್ನ ಕಿವಿಗೆ ಬಿದ್ದಿತ್ತು. ನಕ್ಕಿದ್ದೆ.
ಆ ತಿಂಗಳು ನನ್ನ ಸಂಬಳ ಮುನ್ನೂರು ಪೆಸೊ ಏರಿತು.

ಹತ್ತೊಂಬತ್ತು ವರ್ಷ ಯಾರೂ ಏನೂ ಕೇಳಲಿಲ್ಲ.
ಅಂಕಣಕ್ಕೆ ರೆಫರಿ ಇಲ್ಲ;
ಇದ್ದಿದ್ದರೆ ಅವನ ಮೇಲೂ ಒಂದು ಅಂಕಣ ಬರೆದಿರುತ್ತಿದ್ದೆ.

ಮೊನ್ನೆ, ಮೇ ಇಪ್ಪತ್ತಮೂರು, ನಾಯಿಯನ್ನು ಅಡ್ಡಾಡಿಸುತ್ತ
ಆ ಗೋಲಿನೊಳಗೆ ಹೊಕ್ಕೆ.
ಪಶ್ಚಾತ್ತಾಪವೇನಲ್ಲ, ಕಾಲೆತ್ತಲು ನಾಯಿಗೆ ಕಂಬ ಬೇಕಿತ್ತು.
ಐದು ಗಂಟೆ ಎಂಟು ನಿಮಿಷ.
ಸೈಲೊಗೂ ಟ್ಯಾಂಕಿಗೂ ನಡುವಿನ ಸಂದಿನಿಂದ
ಯಾರೋ ಬಾಗಿಲು ಒದ್ದು ತೆರೆದ ಹಾಗೆ
ಬಿಸಿಲು.
ನನ್ನ ಕೈ ತಾನಾಗಿ ಹಣೆಗೆ ಹೋಯಿತು,
ಆ ಹುಡುಗರ ಕೈಯಂತೆಯೇ.
ನಾಯಿ ಕಾಣಲಿಲ್ಲ. ಎದುರಿನ ಗೋಲೇ ಕಾಣಲಿಲ್ಲ.
ಗಡಿಯಾರ ನೋಡಿಕೊಂಡೆ: ನಾಲ್ಕು ನಿಮಿಷ. ಆಮೇಲೆ ನೆರಳು.

ನೆರಳನ್ನು ನಾನು ಕಂಡದ್ದು ಸುಳ್ಳಲ್ಲ. ಕಂಡದ್ದು ಡಿಸೆಂಬರಿನಲ್ಲಿ.
ನಮ್ಮಲ್ಲಿ ಡಿಸೆಂಬರ್ ಎಂದರೆ ಬೇಸಿಗೆ,
ಸೂರ್ಯ ತೆಂಕಣಕ್ಕೆ ಸರಿದು ಸೈಲೊ ಬೆನ್ನಿಗೆ ಹೋಗುತ್ತಾನೆ.
ಮೇ ತಿಂಗಳಲ್ಲಿ ಅವನ ದಾರಿ ಬೇರೆ.
ಶಾಲೆಯ ಮಕ್ಕಳೂ ಬಲ್ಲ ಸಂಗತಿ.
ಪತ್ರಕರ್ತರ ಕಟ್ಟೆ ಮಾತ್ರ ಪಡುವಣಕ್ಕೆ ಬೆನ್ನು ಹಾಕಿದೆ.
ಎದ್ದು ನಲವತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಎಚೆನಿಕೆ ಈಗ ಬಂದರಿನ ರಸ್ತೆಯಲ್ಲಿ ಪಂಕ್ಚರ್ ಹಾಕುತ್ತಾನೆ.
ಹೋದೆ. ನಿಮಿಷಗಳ ಸಮೇತ ಹೇಳಿದೆ.
ಟ್ಯೂಬನ್ನು ತೊಟ್ಟಿಯ ನೀರಿಗೆ ಅದ್ದಿ
ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದ,
ತಲೆ ಎತ್ತಲಿಲ್ಲ.
"ಅದು ಮೂರನೇ ಗೋಲು. ಬಿಸಿಲಿನದು. ಬಿಡಿ.
ಎರಡನೆಯದರ ಬಗ್ಗೆ ಏನು ಬರೆದಿರಿ, ನೆನಪಿದೆಯೇ?"
ನೆನಪಿರಲಿಲ್ಲ.
"ಅಬೆಲ್ ಸೊಕಾ ನಿಂತಲ್ಲೇ ನಿದ್ದೆ ಹೋದ ಅಂತ.
ಅವನು ನಿದ್ದೆ ಹೋಗಿರಲಿಲ್ಲ.
'ಬಿಡು, ನನ್ನದು' ಅಂತ ಕೂಗಿದವನು ನಾನು.
ಕೂಗಿದೆ, ಹೊರಡಲಿಲ್ಲ.
ನನ್ನ ಮಾತು ನಂಬಿ ಅವನು ನಿಂತ.
ಸಾಯುವ ತನಕ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.
ನಾನೂ ಬಿಡಲಿಲ್ಲ, ನೋಡಿ."
ಗುಳ್ಳೆ ಸಿಕ್ಕಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿದ.
"ಬರೆಯುವುದಾದರೆ ಎರಡೂ ಬರೆಯಿರಿ."

ಸಂಪಾದಕಿ ಗ್ರಿಸೆಲ್ಡಾ ನಾಲ್ಕು ಸಾಲು ಕೊಟ್ಟಳು,
ಹನ್ನೊಂದನೇ ಪುಟದಲ್ಲಿ, ಹೊಳೆಯ ನೀರಿನ ಮಟ್ಟದ ಕೆಳಗೆ.
ಅಂದು ಅರ್ಧ ಪುಟವಿತ್ತು, ನನ್ನ ಫೋಟೊ ಬೇರೆ.
ಜಗಳವಾಡಿದೆ. ಐದು ಸಾಲಾಯಿತು.

ಐದನೆಯದರಲ್ಲಿ ಸೊಕಾನ ಹೆಸರಿದೆ.
ಅವನ ಹೆಂಡತಿ ಪತ್ರಿಕೆ ತರಿಸುವುದಿಲ್ಲವಂತೆ.
ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ.
ಬೀದಿ ಗೊತ್ತು. ಮನೆಯ ಬಾಗಿಲು ಹಸಿರು
ಎಂದು ಈ ಸಾಲಿನಲ್ಲಿ ಬರೆದಿದ್ದೆ,
ಹೊಡೆದುಹಾಕಿದೆ.
ಹೋಗಿ ನೋಡಬೇಕು.